ತೊಂಬತ್ತಕ್ಕೆ ಹೆದರಬೇಡಿ, ತೂಕಡಿಕೆಗೆ ಹೆದರಿ

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ನಲವತ್ತು ವರ್ಷ ಬೀಡಿ ಸೇದಿದವರು. ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಉಲ್ಬಣಿಸಿ ಕಳೆದ ತಿಂಗಳು ಆಸ್ಪತ್ರೆಯಲ್ಲಿದ್ದರು. ಮನೆಯಲ್ಲಿ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ವಿದ್ಯುತ್ ಯಂತ್ರ) ಇಟ್ಟು, ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 1 ಲೀಟರ್ ಆಕ್ಸಿಜನ್ ಕೊಡಲು ಬರೆದಿದ್ದಾರೆ. ರಕ್ತದಲ್ಲಿನ ಆಕ್ಸಿಜನ್ ಶೇಕಡಾವಾರು ಅಳೆಯುವ ಬೆರಳಿನ ಆಕ್ಸಿಮೀಟರ್ 89, 90 ತೋರಿಸುತ್ತಿತ್ತು. ಕೋವಿಡ್ ಕಾಲದಲ್ಲಿ 94ಕ್ಕಿಂತ ಕೆಳಗಿಳಿದರೆ ಅಪಾಯ ಎಂದು ಕೇಳಿದ್ದೆ. ಭಯವಾಗಿ ನಾಲ್ಕು ದಿನಗಳಿಂದ ರಾತ್ರಿ 4 ಲೀಟರ್‌ಗೆ ಏರಿಸಿ, ಪಕ್ಕದ ಮನೆಯವರು ಕೊಟ್ಟ ಮಾಸ್ಕ್ ಹಾಕುತ್ತಿದ್ದೇನೆ. ಈಗ 98 ಇದೆ. ಆದರೆ ಬೆಳಿಗ್ಗೆ ತಲೆನೋವು ಎನ್ನುತ್ತಾರೆ, ಹಗಲೆಲ್ಲ ತೂಕಡಿಸುತ್ತಾರೆ. ಇನ್ನೂ ಹೆಚ್ಚಿಸಬೇಕೆ?
– ಓದುಗರು, ಸಕಲೇಶಪುರ

ಉತ್ತರ: ಖಂಡಿತ ಹೆಚ್ಚಿಸಬೇಡಿ. ನಿಮ್ಮ ಪತ್ರ ಓದಿದ ದಿನವೇ ಫೋನ್ ಮಾಡಿ ಹೇಳಿದ್ದನ್ನು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ, ಏಕೆಂದರೆ ಇದೇ ತಪ್ಪು ಇನ್ನೆಷ್ಟೋ ಮನೆಗಳಲ್ಲಿ ನಡೆಯುತ್ತಿರಬಹುದು. ಮಾಸ್ಕ್ ತೆಗೆದು ನಳಿಕೆ ಹಾಕಿ, ವೈದ್ಯರು ಬರೆದ 1 ಲೀಟರ್‌ಗೆ ಇಳಿಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದಿದ್ದೆ. ಗಾಬರಿಯಿಂದ ಆಕ್ಸಿಜನ್ ಪೂರ್ತಿ ನಿಲ್ಲಿಸುವುದೂ ಅಷ್ಟೇ ಅಪಾಯ.

ನಿಮ್ಮ ತಂದೆಯಂಥವರ ಶ್ವಾಸಕೋಶದಲ್ಲಿ ಕೆಲವು ಭಾಗಗಳಿಗೆ ಗಾಳಿ ಸರಿಯಾಗಿ ಹೋಗುವುದಿಲ್ಲ. ದೇಹವು ಅಂಥ ಕಡೆಯ ರಕ್ತನಾಳಗಳನ್ನು ಕಿರಿದಾಗಿಸಿ, ಗಾಳಿಯಾಡುವ ಕಡೆಗೆ ರಕ್ತವನ್ನು ತಿರುಗಿಸಿಕೊಂಡಿರುತ್ತದೆ. ನಾವು ಅತಿಯಾಗಿ ಆಕ್ಸಿಜನ್ ತುಂಬಿದರೆ ಆ ನಾಳಗಳು ಮತ್ತೆ ತೆರೆದುಕೊಳ್ಳುತ್ತವೆ. ಗಾಳಿಯಿಲ್ಲದ ಕಡೆಗೆ ಹರಿದ ರಕ್ತ ಇಂಗಾಲದ ಡೈಆಕ್ಸೈಡನ್ನು ಹೊರಹಾಕಲಾಗದೆ ಹಿಂದಿರುಗುತ್ತದೆ. ಬೆಳಗಿನ ತಲೆನೋವು, ಹಗಲಿನ ತೂಕಡಿಕೆ ಅದು ಏರುತ್ತಿರುವ ಲಕ್ಷಣ. ಆಕ್ಸಿಮೀಟರ್ ಇದನ್ನು ತೋರಿಸುವುದೇ ಇಲ್ಲ. ಅದಕ್ಕೆ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಪರೀಕ್ಷಿಸಬೇಕು. ಆದ್ದರಿಂದ ಇಂಥ ರೋಗಿಗಳಿಗೆ ಸಾಮಾನ್ಯವಾಗಿ 88ರಿಂದ 92ರ ಗುರಿ ಇಡುತ್ತಾರೆ. ನಿಮ್ಮನ್ನು ಹೆದರಿಸಿದ ಆ 90, ತಂದೆಯವರಿಗೆ ಸರಿಯಾದ ಅಂಕಿಯೇ ಆಗಿತ್ತು.

ಮಾಸ್ಕ್ ಇದಕ್ಕೆ ಇನ್ನಷ್ಟು ಸೇರಿಸಿತು. ಸಾದಾ ಮಾಸ್ಕಿಗೆ ನಿಮಿಷಕ್ಕೆ ಕನಿಷ್ಠ 5 ಲೀಟರ್ ಹರಿವು ಬೇಕು. ಅದಕ್ಕಿಂತ ಕಡಿಮೆಯಾದರೆ ಬಿಟ್ಟ ಉಸಿರು ಮಾಸ್ಕಿನೊಳಗೇ ಉಳಿದು, ರೋಗಿ ಅದನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ಚೀಲವಿರುವ ಮಾಸ್ಕಿಗಂತೂ 10ರಿಂದ 15 ಲೀಟರ್ ಬೇಕು, ಮನೆಯ 5 ಲೀಟರ್ ಯಂತ್ರಕ್ಕೆ ಅದನ್ನು ಜೋಡಿಸಲೇಬಾರದು.

ಇಪ್ಪತ್ತೆಂಟು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಒಂದು ರಾತ್ರಿ ಪಾಳಿಯಲ್ಲಿ ಒಬ್ಬ ಮಗ, ಅಪ್ಪನ ಏದುಸಿರು ನೋಡಲಾಗದೆ, ನಾನು ಬೇರೆ ಹಾಸಿಗೆಯ ಬಳಿ ಇದ್ದಾಗ ಗುಬುಟು ತಿರುಗಿಸಿ ಆಕ್ಸಿಜನ್ ಹೆಚ್ಚಿಸಿದ್ದ. ಬೆಳಗಿನ ಜಾವ ಹಿರಿಯರು ಕರೆದರೆ ಕಣ್ಣು ಅರ್ಧ ತೆರೆದು ಮುಚ್ಚುತ್ತಿದ್ದರು. ಕೈ ಚಾಚಿಸಿದರೆ ಅಂಗೈ ಹಕ್ಕಿಯ ರೆಕ್ಕೆಯಂತೆ ಬಡಿದುಕೊಳ್ಳುತ್ತಿತ್ತು. ಅವರು ಉಳಿದರು. ಆ ಮಗನನ್ನು ನಾನು ಬೈಯಲಿಲ್ಲ, ನಿಮ್ಮನ್ನೂ ಬೈಯುವುದಿಲ್ಲ. ಪ್ರೀತಿಯಿಂದ ಮಾಡಿದಿರಿ. ಆದರೆ ಆಕ್ಸಿಜನ್ ಎಂದರೆ ಗಾಳಿಯಲ್ಲ, ಔಷಧಿ. ಬಿಪಿ ಮಾತ್ರೆಯನ್ನು ಒಂದರ ಬದಲು ನಾಲ್ಕು ಕೊಡುತ್ತಿದ್ದಿರಾ?

ಅಂಕಿ 88ಕ್ಕಿಂತ ಕೆಳಗೇ ನಿಂತರೆ ಮೊದಲು ಬೆರಳು ತಣ್ಣಗಿದೆಯೇ, ಉಗುರಿಗೆ ಬಣ್ಣವಿದೆಯೇ, ನಳಿಕೆ ಮಡಚಿದೆಯೇ ನೋಡಿ, ನಂತರ ವೈದ್ಯರಿಗೆ ಫೋನ್ ಮಾಡಿ. ತುಟಿ ನೀಲಿಯಾದರೆ ಅಥವಾ ಕರೆದರೆ ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಿ.

ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಸುಮಾರು 1500 ಲೀಟರ್ ಹಿಡಿಯುವ ಬಿ ಟೈಪ್ ಸಿಲಿಂಡರ್ ಒಂದನ್ನು ತುಂಬಿಸಿಡಿ. ನಿಮಿಷಕ್ಕೆ 1 ಲೀಟರ್‌ನಂತೆ ಬಳಸಿದರೆ ಒಂದು ಹಗಲು, ಒಂದು ರಾತ್ರಿ ಸಾಕಾಗುತ್ತದೆ. ಅದರ ವಾಲ್ವಿಗೆ ಎಣ್ಣೆ, ಗ್ರೀಸ್ ಹಚ್ಚಬಾರದು. ಒಣಗಿದ ಮೂಗಿಗೆ ವ್ಯಾಸಲಿನ್ ಕೂಡ ಬೇಡ. ಆ ಕೋಣೆಯಲ್ಲಿ ದೀಪ, ಊದುಬತ್ತಿ, ಸೊಳ್ಳೆಬತ್ತಿ ಯಾವುದೂ ಇರಕೂಡದು. ಬೀಡಿಯಂತೂ ಯಾರ ಕೈಯಲ್ಲೂ ಕೂಡದು. ಆಕ್ಸಿಜನ್ ಹೀರಿದ ಹಾಸಿಗೆ, ಹೊದಿಕೆಗೆ ಒಂದು ಕಿಡಿ ಸಾಕು.

ಇನ್ನೊಂದು ಕೆಲಸ ಮಾಡಿ. ಆಸ್ಪತ್ರೆಯಿಂದ ಬಂದ ಮೇಲೆ, ಈ ಬಾರಿ ವೈದ್ಯರು ಎಷ್ಟು ಲೀಟರ್ ಬರೆದಿದ್ದಾರೋ ಅದನ್ನು ಬಿಳಿ ಟೇಪಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗುಬುಟಿನ ಪಕ್ಕ ಅಂಟಿಸಿ. ಅದರ ಕೆಳಗೆ 88–92 ಎಂದೂ ಬರೆಯಿರಿ. ನಡುರಾತ್ರಿ ನಿಮ್ಮ ತಾಯಿಯವರು ಎದ್ದು ನೋಡಿದರೂ ಅವರ ಕಣ್ಣಿಗೆ ಮೊದಲು ಅದೇ ಬೀಳಲಿ.