ಮಾರ್ಚ್ ಅಮಾವಾಸ್ಯೆಗೆ ಚಿಕ್ಕಮಗಳೂರು ಕಡೆ ಟೆಲಿಸ್ಕೋಪ್ ತಗೊಂಡು ಹೋಗೋ ಪ್ಲಾನ್ ಇದೆ. ಆ್ಯಪ್‌ನಲ್ಲಿ ಮೋಡ 0% ಅಂತಿದೆ, ಆದರೆ ಕಾಡ್ಗಿಚ್ಚಿನ ಸುದ್ದಿ ಬರ್ತಿದೆ. ಹೋಗೋದಾ, ಬೇಡ್ವಾ?

ನಿಮ್ಮ ಪ್ರಶ್ನೆ ನೋಡಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. 'ಮೋಡ 0%' ಅಂತ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿ, ಹತ್ತು ಥಂಬ್ಸ್ ಅಪ್ ಗಿಟ್ಟಿಸಿಕೊಂಡ ಮನುಷ್ಯ ನಾನು.

2024ರಲ್ಲಿ ಶಿವರಾತ್ರಿ ಶುಕ್ರವಾರ ಬಿದ್ದಿತ್ತು, ಮಾರ್ಚ್ 8. ಅಮಾವಾಸ್ಯೆ ಭಾನುವಾರ. ಮೂರು ದಿನ ರಜೆ, ಚಂದ್ರನ ಕಾಟ ಇಲ್ಲ. ಮೆಸ್ಸಿಯೆ ಮ್ಯಾರಥಾನ್ ಮಾಡೋರಿಗೆ ಇದಕ್ಕಿಂತ ಇನ್ನೇನು ಬೇಕು? (ಗೊತ್ತಿಲ್ಲದವರಿಗೆ: ಶಾರ್ಲ್ ಮೆಸ್ಸಿಯೆ 18ನೇ ಶತಮಾನದಲ್ಲಿ ಫ್ರಾನ್ಸ್‌ನಲ್ಲಿ ಧೂಮಕೇತು ಹುಡುಕುತ್ತಿದ್ದವನು. ಧೂಮಕೇತುವಿನ ಹಾಗೆ ಕಂಡು ಯಾಮಾರಿಸುವ ಮಸುಕು ಚುಕ್ಕೆಗಳನ್ನೆಲ್ಲ ಪಟ್ಟಿ ಮಾಡಿಟ್ಟ. ಈಗ ಅದರಲ್ಲಿ 110 ಇವೆ. ಮಾರ್ಚ್-ಏಪ್ರಿಲ್ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಅಷ್ಟನ್ನೂ ಒಂದೇ ರಾತ್ರಿಯಲ್ಲಿ ನೋಡಬಹುದು.) ಮನೆಯವರ ಹತ್ರ 'ಈ ಸಲ ಎರಡು ರಾತ್ರಿ ಜಾಗರಣೆ' ಅಂತ ಹೇಳಿ, 8 ಇಂಚಿನ ಡಾಬ್ಸೋನಿಯನ್ (ಕೊಳವೆಯ ತಳದಲ್ಲಿ ಕನ್ನಡಿ ಇರುವ ಟೆಲಿಸ್ಕೋಪ್) ಅನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಮೂಡಿಗೆರೆ ಕಡೆಯ ಒಂದು ಹೋಂಸ್ಟೇಗೆ ಹೊರಟೆ. ಜೊತೆಗೆ ಇಬ್ಬರು ಗೆಳೆಯರು.

ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತ್ತು. ದಾರಿಯುದ್ದಕ್ಕೂ ಗುಡ್ಡದ ಹುಲ್ಲು ಒಣಗಿ ಬೆಳ್ಳಗಾಗಿತ್ತು. ಇದನ್ನೆಲ್ಲ ನೋಡಿಯೂ ನಾನು ಅಂದುಕೊಂಡದ್ದು ಒಂದೇ: ಮಳೆ ಇಲ್ಲ, ಅಂದ್ಮೇಲೆ ಆಕಾಶ ಕ್ಲೀನ್.

ಶನಿವಾರ ಸಂಜೆ ಸೂರ್ಯ ಮುಳುಗುವಾಗ ಕುಂಕುಮ ಮೆತ್ತಿದ ಹಾಗೆ ಕೆಂಪಗಿದ್ದ. ಬರಿಗಣ್ಣಲ್ಲಿ ನೋಡಿದರೂ ಕಣ್ಣು ಚುಚ್ಚುತ್ತಿರಲಿಲ್ಲ. ಮೂವರೂ ಫೋಟೊ ತೆಗೆದೆವು. ಅವತ್ತು ಸಿಕ್ಕ ಮೊದಲ ಎಚ್ಚರಿಕೆ ಅದೇ, ನಾವು ಅದನ್ನು ಸ್ಟೇಟಸ್‌ಗೆ ಹಾಕಿದೆವು! ಗಾಳಿಯಲ್ಲಿ ಹೊಗೆ ಜಾಸ್ತಿ ಇದ್ದಾಗ ನೀಲಿ ಬೆಳಕು ಚದುರಿಹೋಗುತ್ತದೆ, ಕೆಂಪು ಮಾತ್ರ ನಮ್ಮ ತನಕ ಬರುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿರೋದು ಬೇರೆ, ಹೊಳೆಯೋದು ಬೇರೆ.

ಮ್ಯಾರಥಾನ್ ಶುರುವಾಗುವುದು ಎಂ74, ಎಂ77ರಿಂದ, ಅಂದರೆ ಮೆಸ್ಸಿಯೆ ಪಟ್ಟಿಯ 74 ಮತ್ತು 77ನೇ ನಂಬರಿನವು. ಎರಡೂ ಪಶ್ಚಿಮದಲ್ಲಿ ತಗ್ಗಿನಲ್ಲಿರುತ್ತವೆ, ಕತ್ತಲಾಗುತ್ತಿದ್ದ ಹಾಗೇ ಹಿಡಿಯದಿದ್ದರೆ ಕೈತಪ್ಪಿತು. ಒಳ್ಳೆ ಆಕಾಶದಲ್ಲೇ ಎಂ74 ಕಣ್ಣಿಗೆ ಬೀಳೋದು ಕಷ್ಟ. ನನಗೆ ಅವತ್ತು ಆ ಜಾಗದಲ್ಲಿ ನಕ್ಷತ್ರಗಳೇ ಸಿಗಲಿಲ್ಲ. ನೆತ್ತಿಯ ಹತ್ತಿರ ಮಹಾವ್ಯಾಧ (ಒರಾಯನ್ ನಕ್ಷತ್ರಪುಂಜ) ಚೆನ್ನಾಗಿಯೇ ಇದ್ದ, ಕೆಳಗೆ ಮಾತ್ರ ಮಜ್ಜಿಗೆ ಚೆಲ್ಲಿದ ಹಾಗಿತ್ತು. ತೆಳು ಮೋಡ ಇರಬೇಕು, ಸರಿಯುತ್ತೆ ಅಂತ ಕಾದೆ.

ಮೋಡ ಸರಿಯುತ್ತದೆ. ಹೊಗೆ ಸರಿಯಲ್ಲ, ಇಳಿಯುತ್ತದೆ. ಹಗಲು ಬಿಸಿಗೆ ಮೇಲೇರಿದ್ದ ಹೊಗೆ, ರಾತ್ರಿ ಗುಡ್ಡ ತಣ್ಣಗಾದ ಮೇಲೆ ತಂಪುಗಾಳಿಯ ಜೊತೆ ಕಣಿವೆಗೆ ಜಾರಿ ಅಲ್ಲೇ ಕೂರುತ್ತದೆ. ಹೋಂಸ್ಟೇಗಳು ಇರೋದೂ ಕಣಿವೆಯಲ್ಲೇ ಅಲ್ವಾ? ಆರು ಗಂಟೆಗೆ ನೀಲಿಯಾಗಿದ್ದ ಆಕಾಶ ಹತ್ತು ಗಂಟೆಗೆ ಬೂದು.

ಒಂಬತ್ತರ ಸುಮಾರಿಗೆ ವಾಸನೆ ಬಂತು. ಹೋಂಸ್ಟೇ ಗೌಡರನ್ನು ಕೇಳಿದೆ. "ಅದು ಆಚೆ ಗುಡ್ಡ ಕಣ್ರೀ, ಇಲ್ಲಿಗೆ ಬರಲ್ಲ. ನೀವು ಊಟ ಮಾಡಿ" ಅಂದರು. ಅವರ ಮಾತು ಸುಳ್ಳೂ ಆಗಲಿಲ್ಲ, ಬೆಂಕಿ ಮನೆ ತನಕ ಬರಲಿಲ್ಲ. ಆದರೆ ಹತ್ತೂವರೆಗೆ ಎದುರು ಏಣಿನ ಮೇಲೆ ಕೆಂಪು ಗೆರೆ ಎದ್ದಿತು. ಗೌಡರು ಮತ್ತೆ ಲೈನ್ ಮನೆಯ ಆಳುಗಳು ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ತೋಟದ ಅಂಚಿಗೆ ಓಡಿದರು. ಹೂಮಳೆಗೆ ಕಾಯುತ್ತಿದ್ದ ಕಾಫಿ ಗಿಡಗಳು, ಬೇಲಿಯಾಚೆ ಒಣ ಹುಲ್ಲು. ನಾವೂ ನೀರಿನ ಕ್ಯಾನ್ ಹೊತ್ತುಕೊಂಡು ಹಿಂದೆ ಹೋದೆವು. ನಮ್ಮಿಂದ ದೊಡ್ಡ ಉಪಕಾರವೇನೂ ಆಗಲಿಲ್ಲ. ಎರಡು ಗಂಟೆ ರಾತ್ರಿಗೆ, ಅಂಚಿನ ಒಣ ಎಲೆಗಳನ್ನೆಲ್ಲ ಗುಡಿಸಿ ದಾರಿ ಬಿಡಿಸಿದ ಮೇಲೆ ಬೆಂಕಿ ಅಲ್ಲೇ ನಿಂತಿತು.

ಟೆಲಿಸ್ಕೋಪ್ ಕಣದಲ್ಲೇ ಇತ್ತು. ಮೂತಿ ನೆತ್ತಿಗೆ, ಮುಚ್ಚಳ ತೆಗೆದಿತ್ತು. ಕನ್ನಡಿ ತಣ್ಣಗಾಗಲಿ ಅಂತ ನಾವೆಲ್ಲ ಹಾಗೇ ಬಿಡ್ತೀವಿ.

ಬೆಳಿಗ್ಗೆ ಟಾರ್ಚ್ ಬಿಟ್ಟು ಕೊಳವೆಯೊಳಗೆ ನೋಡಿದೆ. ತಳದಲ್ಲಿ ಕನ್ನಡಿಯ ಮೇಲೆ ಸುಟ್ಟ ಹುಲ್ಲಿನ ಎಳೆಗಳು, ಕರಿ ಎಳ್ಳಿನಷ್ಟು ದೊಡ್ಡ ಚೂರುಗಳು, ಅದರ ಸುತ್ತ ನಸು ಬೂದು ಪುಡಿ. ಮುಂಜಾವಿನ ತೇವಕ್ಕೆ ಅಲ್ಲಲ್ಲಿ ಅಂಟಿಕೊಂಡಿತ್ತು.

ಈಗ ನನ್ನ ತಪ್ಪಿಗೆ ಬರ್ತೀನಿ. ಮುಚ್ಚಳ ಹಾಕದೇ ಹೋದದ್ದು ತಪ್ಪು ಅಂತ ನೀವು ಅಂದುಕೊಳ್ಳಬಹುದು. ಅಲ್ಲ. ಅದು ಮರೆವು, ಅಂಥ ಹೊತ್ತಲ್ಲಿ ಯಾರಾದರೂ ಮರೆಯುತ್ತಾರೆ. ಅಲ್ಲಿಗೆ ನಿಂತಿದ್ದರೆ ನನಗೆ ಒಂದು ಪೈಸೆ ನಷ್ಟ ಆಗುತ್ತಿರಲಿಲ್ಲ. ನಾನು ಹಿಂದಿನ ಸ್ಕ್ರೂಗಳನ್ನು ಬಿಚ್ಚಿ, ಕನ್ನಡಿ ಹೊರತೆಗೆದು, 'ಹಾ' ಅಂತ ಉಸಿರು ಬಿಟ್ಟು, ಕನ್ನಡಕದ ಡಬ್ಬಿಯ ಬಟ್ಟೆಯಿಂದ ಒರೆಸಿದೆ. ಒಂದು ಸಲ ಅಲ್ಲ, ಹೊಳಪು ಬರೋ ತನಕ. ಅದೇ ತಪ್ಪು.

ನಮ್ಮಜ್ಜಿ ಹಿತ್ತಾಳೆ ಪಾತ್ರೆ ತಿಕ್ಕುತ್ತಿದ್ದದ್ದು ಏತರಲ್ಲಿ? ಒಲೆ ಬೂದಿಯಲ್ಲಿ. ತೆಂಗಿನ ನಾರಿಗೆ ಬೂದಿ ಮೆತ್ತಿಕೊಂಡು ಕರಿ ಹಿಡಿದ ತಳವನ್ನೇ ಕೆರೆದು ತೆಗೆಯುತ್ತಿದ್ದರು. ಬೂದಿಗೆ ಆ ಶಕ್ತಿ ಬರುವುದು ಎರಡು ಕಾರಣಕ್ಕೆ. ಹುಲ್ಲಿನಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ, ಸುಟ್ಟರೂ ಅದು ಹೋಗಲ್ಲ, ಬೂದಿಯಲ್ಲೇ ಉಳಿಯುತ್ತದೆ. ಅದು ಕೆರೆಯುತ್ತದೆ. ಇನ್ನೊಂದು, ಬೂದಿ ನೀರಿಗೆ ಸೇರಿದರೆ ಕ್ಷಾರ ಆಗುತ್ತದೆ. ಟೆಲಿಸ್ಕೋಪಿನ ಕನ್ನಡಿಯಲ್ಲಿ ಅಲ್ಯೂಮಿನಿಯಂ ಲೇಪ ಇರೋದು ಗಾಜಿನ ಹಿಂದೆ ಅಲ್ಲ, ಮೇಲೆ. ಮನೆಯ ಕನ್ನಡಿಯ ಹಾಗಲ್ಲ. ಕೂದಲಿಗಿಂತ ನೂರಾರು ಪಟ್ಟು ತೆಳು. ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಅಂದರೆ ನಾನು ಮಾಡಿದ್ದೇನು? ಉಸಿರಿನ ತೇವ ಕೊಟ್ಟು ಬೂದಿಯನ್ನು ಕ್ಷಾರ ಮಾಡಿ, ಅದೇ ಬೂದಿಯಿಂದ ಕನ್ನಡಿಯನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೆ. ಅಜ್ಜಿ ಇದ್ದಿದ್ದರೆ ಬೈಯುತ್ತಿದ್ದರು.

ಬಿಸಿಲಿಗೆ ಹಿಡಿದಾಗ ಕಂಡಿತು. ಬಟ್ಟೆ ಓಡಾಡಿದ ಕಡೆಯೆಲ್ಲ ಬಿಲ್ಲಿನ ಹಾಗೆ ಬಾಗಿದ ಸಣ್ಣ ಗೆರೆಗಳು, ಅಂಚಿನಲ್ಲಿ ಬೆರಳು ಒತ್ತಿದ ಕಡೆ ಜಾಸ್ತಿ. ಆಮೇಲೆ ಯಾವ ಪ್ರಕಾಶಮಾನ ನಕ್ಷತ್ರ ನೋಡಿದರೂ ಸುತ್ತ ಮಂಜು ಮುಸುಕಿದ ಹಾಗೆ ಕಾಣುತ್ತಿತ್ತು. ಲೇಪ ಹೊಸದಾಗಿ ಹಾಕಿಸಲು ಕಳಿಸಿ, ಮರಳಿ ಬರುವ ಹೊತ್ತಿಗೆ ಮಳೆಗಾಲ ಶುರುವಾಗಿತ್ತು.

ಏನು ಮಾಡಬೇಕಿತ್ತು? ಏನೂ ಮಾಡಬಾರದಿತ್ತು. ಮುಚ್ಚಳ ಹಾಕಿ ಮನೆಗೆ ತರಬೇಕಿತ್ತು. ರಬ್ಬರ್ ಬ್ಲೋವರ್‌ನಿಂದ ಉಫ್ ಅಂತ ಊದಿ, ಹೋಗದೇ ಉಳಿದದ್ದನ್ನು ನಲ್ಲಿ ನೀರು ಹರಿಯಬಿಟ್ಟು ತೊಳೆದು, ಎರಡು ಹನಿ ಪಾತ್ರೆ ಸೋಪು ಹಾಕಿದ ನೀರಲ್ಲಿ ನೆನೆಸಿಟ್ಟು, ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದು ಓರೆಯಾಗಿ ಒಣಗಿಸಬೇಕು. ಬಟ್ಟೆ ಸೋಕಿಸೋದೇ ಬೇಡ. ಸ್ವಲ್ಪ ಧೂಳಿದ್ದರೂ ನೋಟಕ್ಕೆ ಏನೂ ಆಗಲ್ಲ, ಗೀರು ಬಿದ್ದರೆ ಆಗುತ್ತದೆ.

ಸರಿ, ನಿಮ್ಮ ಪ್ರಶ್ನೆ. ನೀವು ಕೇಳಬೇಕಾದದ್ದು 'ಹೋಗೋದಾ, ಬೇಡ್ವಾ' ಅಂತಲ್ಲ. ಮಾರ್ಚ್‌ನಲ್ಲಿ ನಕ್ಷತ್ರ ನೋಡೋಕೆ ಮಲೆನಾಡೇ ಯಾಕೆ? ನಮ್ಮಲ್ಲಿ ಬಹಳ ಜನಕ್ಕೆ ಒಂದು ಭ್ರಮೆ ಇದೆ, ಗುಡ್ಡ ಹತ್ತಿದರೆ ನಕ್ಷತ್ರ ಹತ್ತಿರ ಬರುತ್ತವೆ ಅಂತ. ನಿಮಗೆ ಬೇಕಾದದ್ದು ಕತ್ತಲು ಮತ್ತು ತೆರೆದ ದಿಗಂತ. ಕಾಡಲ್ಲ, ಕಾಫಿಯಲ್ಲ, ಇನ್ಸ್ಟಾಗ್ರಾಂ ವ್ಯೂ ಅಲ್ಲ. ಮ್ಯಾರಥಾನ್ ಮಾಡೋದಾದರೆ ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡದ ಕಡೆ ಹೋಗಿ. ರಾಜ್ಯದಲ್ಲೇ ತೀರಾ ಕಮ್ಮಿ ಮಳೆ ಬೀಳುವ ಸೀಮೆ ಅದು. ಪಶ್ಚಿಮದಲ್ಲಿ ಎಂ74ಕ್ಕೂ, ನಸುಕಿನಲ್ಲಿ ಪೂರ್ವಕ್ಕೆ ಏಳುವ ಎಂ30ಕ್ಕೂ ಅಡ್ಡ ಬರುವ ಗುಡ್ಡ ಕಮ್ಮಿ. ಚಿತ್ರದುರ್ಗದ ಹತ್ತಿರ ಗಾಳಿಯಂತ್ರಗಳು ಇವೆ, ಅವುಗಳಿಂದ ದೂರ ನಿಲ್ಲಿ, ಅಷ್ಟೇ. ಮಂಡ್ಯ ಕಡೆ ಕಬ್ಬಿನ ತರಗು ಸುಡುವ ಗದ್ದೆಗಳ ಪಕ್ಕವೂ ಬೇಡ.

ಮಲೆನಾಡೇ ಬೇಕು ಅಂದರೆ ಡಿಸೆಂಬರ್-ಜನವರಿಯಲ್ಲಿ ಹೋಗಿ. ಹುಲ್ಲಿನಲ್ಲಿ ಇನ್ನೂ ಪಸೆ ಇರುತ್ತದೆ. ಇಬ್ಬನಿ ಕಾಡುತ್ತದೆ, ಲೆನ್ಸ್ ಒದ್ದೆಯಾಗುತ್ತದೆ. ಆಗಲಿ, ಇಬ್ಬನಿ ಗೀಚಲ್ಲ.

ಫೆಬ್ರವರಿಯಿಂದ ಮೊದಲ ಮಳೆ ತನಕ ಗುಡ್ಡದ ತುದಿಗೆ ರಾತ್ರಿ ಹೋಗುವ ಮಾತೇ ಬೇಡ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೇ ಓಡೋದು, ನಾವು ನಿಲ್ಲೋದೂ ಮೇಲೇ. 2018ರ ಮಾರ್ಚ್ 11ಕ್ಕೆ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದ 20ಕ್ಕೂ ಹೆಚ್ಚು ಜನ ಕಾಡ್ಗಿಚ್ಚಿಗೆ ಸಿಕ್ಕಿ ಸತ್ತರು. ಈ ತಿಂಗಳುಗಳಲ್ಲಿ ಅರಣ್ಯ ಇಲಾಖೆ ಚಾರಣ ನಿಲ್ಲಿಸಿದರೆ 'ಪರಿಚಯದವರಿದ್ದಾರೆ, ಬಿಡ್ತಾರೆ' ಅಂತ ನುಗ್ಗಬೇಡಿ. ಹೋಂಸ್ಟೇಯವರು ಕ್ಯಾಂಪ್‌ಫೈರ್ ಹಾಕ್ತೀವಿ ಅಂದರೆ ಬೇಡ ಅನ್ನಿ. ನಾನಂತೂ ಜಗಳಕ್ಕೇ ನಿಲ್ತೀನಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ ಅರ್ಧ ಗಂಟೆ ಬೇಕು, ಹಾಳಾಗೋಕೆ ಒಂದು ಕೊಳ್ಳಿ ಸಾಕು. ಕಿಡಿ ಹಾರಿ ಎಲ್ಲಿ ಬೀಳುತ್ತೋ, ಅದು ಬೇರೆ.

ಆ್ಯಪ್ ನೋಡೋದಾದರೆ ಮೋಡದ ಜೊತೆ 'ಏರೋಸಾಲ್' (ಗಾಳಿಯಲ್ಲಿ ತೇಲುವ ಹೊಗೆ, ಧೂಳು) ಅನ್ನೋ ಪದರವನ್ನೂ ನೋಡಿ, ವಿಂಡಿ ಅನ್ನೋ ಹವಾಮಾನದ ಆ್ಯಪ್‌ನಲ್ಲಿ ಇದೆ. ಆ ಅಂಕಿ 1 ಮುಟ್ಟಿದರೆ ನೆತ್ತಿಯಲ್ಲಿರುವ ನಕ್ಷತ್ರವೇ ಸುಮಾರು 1.1 ಮ್ಯಾಗ್ನಿಟ್ಯೂಡ್ (ನಕ್ಷತ್ರದ ಹೊಳಪಿನ ಅಳತೆ) ಮಂಕಾಗುತ್ತದೆ. ಒಂದು ಮ್ಯಾಗ್ನಿಟ್ಯೂಡ್ ಹೋಯಿತು ಅಂದರೆ ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಉಳಿಯುತ್ತದೆ. ದಿಗಂತದಿಂದ ಬರೀ 30 ಡಿಗ್ರಿ ಎತ್ತರದಲ್ಲಿದ್ದರೆ ನಷ್ಟ ಇದರ ದುಪ್ಪಟ್ಟು. ಮ್ಯಾರಥಾನ್‌ನ ಮೊದಲನೆಯದೂ ಕೊನೆಯದೂ ಅಲ್ಲೇ ಇರುತ್ತವೆ. ನಾಸಾದ ಫರ್ಮ್ಸ್ ನಕ್ಷೆ ಉಚಿತ, ಉಪಗ್ರಹ ಕಂಡ ಬೆಂಕಿಗಳು ಅದರಲ್ಲಿ ಕೆಂಪು ಚುಕ್ಕೆಗಳಾಗಿ ಬರುತ್ತವೆ. ನೀವು ಹೋಗುವ ಜಾಗದ ಸುತ್ತ ಎರಡು ದಿನದಿಂದ ಚುಕ್ಕೆ ಇದ್ದರೆ ಟೆಲಿಸ್ಕೋಪ್ ಮನೆಯಲ್ಲೇ ಇರಲಿ. ಚುಕ್ಕೆ ಇಲ್ಲ ಅಂದರೆ ಬೆಂಕಿ ಇಲ್ಲ ಅಂತಲ್ಲ. ಮರದ ಕೆಳಗೆ ಹರಿಯುವ ಸಣ್ಣ ಬೆಂಕಿ ಉಪಗ್ರಹದ ಕಣ್ಣು ತಪ್ಪಿಸುತ್ತದೆ.

ಅಡ್ವಾನ್ಸ್ ಕೊಟ್ಟಾಗಿದೆ ಅಂತ ಕಾಣುತ್ತೆ, ಇಲ್ಲದಿದ್ದರೆ ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲ. ಹಾಗಿದ್ದರೆ ಹೊರಡುವ ದಿನ ಬೆಳಿಗ್ಗೆ ಹೋಂಸ್ಟೇಗೆ ಒಂದು ಫೋನ್ ಮಾಡಿ. 'ಅಲ್ಲಿ ಬೆಂಕಿ ಇದೆಯಾ' ಅಂತ ಕೇಳಬೇಡಿ, 'ಇಲ್ಲ, ಬನ್ನಿ ಸಾರ್' ಅಂತಾರೆ. "ನಿನ್ನೆ ಸಂಜೆ ಎದುರು ಗುಡ್ಡದ ಮರ ಮರ ಬೇರೆಬೇರೆ ಕಾಣ್ತಿತ್ತಾ, ಬರೀ ನೀಲಿ ಗೆರೆ ಹಾಗೆ ಕಾಣ್ತಿತ್ತಾ?" ಅಂತ ಕೇಳಿ. ಬರೀ ಗೆರೆ ಅಂದರೆ ಒಂದು ಬೈನಾಕ್ಯುಲರ್ ಮಾತ್ರ ಹಿಡಿದುಕೊಂಡು ಹೋಗಿ, ಕಡುಬು ತಿಂದು, ಬೇಗ ಮಲಗಿ.