ರಾಬಿನ್ ಹುಡ್ ಯಾವ ಕಾಡಿನವನು?

ಮಾನ್ಯರೇ,

ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ಇಂಗ್ಲೆಂಡಿನ ದಂತಕಥೆಯ ದಾರಿಗಳ್ಳ ರಾಬಿನ್ ಹುಡ್‌ನನ್ನು ‘ರಿಚರ್ಡ್ ದೊರೆಯ ಕಾಲದಲ್ಲಿ ಶೆರ್ವುಡ್ ಕಾಡು ಸೇರಿದ ಹಂಟಿಂಗ್‌ಡನ್ನಿನ ಅರ್ಲ್’ ಎಂದು ಬರೆದಿದ್ದೆವು. ಇದಕ್ಕೆ ಆಧಾರವೇನು ಎಂದು ನೀವು ಒಂದೇ ಸಾಲಿನಲ್ಲಿ ಕೇಳಿದ್ದೀರಿ. ಆಧಾರವಿಲ್ಲ. ತಪ್ಪು ನಮ್ಮದೇ.

ಹಂಟಿಂಗ್‌ಡನ್ನಿನ ಅರ್ಲ್ ಎಂಬ ಶ್ರೀಮಂತ ಪದವಿ ನಾಟಕಕಾರ ಆಂಟನಿ ಮಂಡೆ 1598ರಲ್ಲಿ ದಯಪಾಲಿಸಿದ್ದು. ರಿಚರ್ಡ್‌ನ ಕಾಲಕ್ಕೆ (12ನೆಯ ಶತಮಾನದ ಕೊನೆ) ರಾಬಿನ್‌ನನ್ನು ಎಳೆದು ತಂದವನು 1521ರಲ್ಲಿ ಇತಿಹಾಸ ಬರೆದ ಸ್ಕಾಟ್‌ಲೆಂಡಿನ ಜಾನ್ ಮೇಜರ್. ಹಳೆಯ ಲಾವಣಿಗಳಲ್ಲಿ ಅವನು ಬರೀ ಯೋಮನ್: ಜೀತದವನೂ ಅಲ್ಲ, ಒಡೆಯನೂ ಅಲ್ಲ. ಅವನ ಪ್ರೇಯಸಿ ಮೇರಿಯನ್‌ಳ ಸುಳಿವಿಲ್ಲ. ದೊರೆಯ ಹೆಸರು ಎಡ್ವರ್ಡ್. ಎಷ್ಟನೆಯವನು ಎಂದು ಹೇಳುವ ಗೋಜಿಗೆ ಹಾಡಿದವರು ಹೋಗಿಲ್ಲ.

ಕಾಡೂ ಬೇರೆ. 1500ರ ಆಸುಪಾಸಿನಲ್ಲಿ ಅಚ್ಚಾದ ದೀರ್ಘ ಲಾವಣಿಯಲ್ಲಿ ಅವನ ಠಾವು ಯಾರ್ಕ್‌ಷೈರಿನ ಬಾರ್ನ್ಸ್‌ಡೇಲ್, ಉತ್ತರಕ್ಕೆ ಹೋಗುವ ಹೆದ್ದಾರಿಯ ಪಕ್ಕ. ದಾರಿಗಳ್ಳನಿಗೆ ಮರಕ್ಕಿಂತ ರಸ್ತೆ ಮುಖ್ಯವಲ್ಲವೇ? ಅವನ ವೈರಿ ಷೆರಿಫ್ (ದೊರೆಯ ಅಧಿಕಾರಿ) ಮಾತ್ರ ಸುಮಾರು 80 ಕಿಲೋಮೀಟರ್ ದಕ್ಷಿಣದ, ಶೆರ್ವುಡ್ ಪಕ್ಕದ ನಾಟಿಂಗ್‌ಹ್ಯಾಮಿನವನು. ಎರಡು ಸೀಮೆಯ ಕಥೆಗಳನ್ನು ಸೇರಿಸಿ ಹೊಲಿದ ಗುರುತು ಅಲ್ಲಿ ಎದ್ದು ಕಾಣುತ್ತದೆ.

ಅದೇ ಲಾವಣಿಯಲ್ಲಿ, ಯಾರ್ಕ್‌ನ ಮಠಕ್ಕೆ ಜಮೀನು ಒತ್ತೆ ಇಟ್ಟ ಒಬ್ಬ ನೈಟ್ (ಅಶ್ವಯೋಧ) ಬರುತ್ತಾನೆ. ಪೆಟ್ಟಿಗೆಯಲ್ಲಿ ಇರುವುದು ಹತ್ತೇ ಷಿಲಿಂಗ್. ರಾಬಿನ್ ಅವನಿಗೆ 400 ಪೌಂಡ್ ಸಾಲ ಕೊಟ್ಟು, ಉಡಲು ಬಟ್ಟೆಯನ್ನೂ ಕೊಡಿಸುತ್ತಾನೆ. ರಾಬಿನ್‌ನ ಸಂಗಡಿಗ ಲಿಟಲ್ ಜಾನ್ ಗಜಕೋಲಿನ ಬದಲು ಬಿಲ್ಲು ಹಿಡಿದು ಬಟ್ಟೆ ಅಳೆಯುತ್ತಾನೆ, ಪ್ರತಿ ಅಳತೆಗೂ ಮೂರಡಿ ಹೆಚ್ಚು ಬಿಡುತ್ತಾನೆ. ಇದೆಂಥ ಜವಳಿ ವ್ಯಾಪಾರ ಎಂದು ಬಳಗದ ಒಬ್ಬ ಗೊಣಗಿದರೆ, ಜಾನ್‌ನ ಗಂಟೇನು ಹೋಗುತ್ತದೆ ಎಂಬ ಧಾಟಿಯಲ್ಲಿ ಇನ್ನೊಬ್ಬ ನಗುತ್ತಾನೆ. ನನಗೆ ಈ ರಾಬಿನ್ ಬಳಗ ಅರ್ಲ್‌ಗಿಂತ ಹೆಚ್ಚು ಇಷ್ಟ.

ಅವನು ನಿಜವಾಗಿ ಇದ್ದನೇ? 1225ರ ಯಾರ್ಕ್ ನ್ಯಾಯಾಲಯದ ಲೆಕ್ಕದಲ್ಲಿ ರಾಬರ್ಟ್ ಹಾಡ್ ಎಂಬ ತಲೆಮರೆಸಿಕೊಂಡವನಿದ್ದಾನೆ. ಮುಟ್ಟುಗೋಲಾದ ಅವನ ಆಸ್ತಿ 32 ಷಿಲಿಂಗ್ 6 ಪೆನ್ಸ್. ರಾಬಿನ್ ಎಂಬುದು ರಾಬರ್ಟ್‌ನ ಮುದ್ದು ರೂಪ. ಇವನೇ ಅವನು ಎಂದು ಕುಣಿಯುವ ಮೊದಲು 1262ರ ಬರ್ಕ್‌ಷೈರ್ ದಾಖಲೆ ನೋಡಬೇಕು. ಕಮ್ಮಾರ ರಾಬರ್ಟ್‌ನ ಮಗ ವಿಲಿಯಂ ಪರಾರಿಯಾದಾಗ ಗುಮಾಸ್ತ ಅವನ ಹೆಸರನ್ನು ‘ವಿಲಿಯಂ ರಾಬ್‌ಹಾಡ್’ ಎಂದು ಬರೆದುಬಿಟ್ಟ. ಅಂದರೆ ಅಷ್ಟರಲ್ಲೇ ಅದು ಪರಾರಿಯಾದವರಿಗೆ ಅಂಟಿಸುವ ಅಡ್ಡಹೆಸರಾಗಿತ್ತು ಎಂದು ತೋರುತ್ತದೆ. 1377ರ ಸುಮಾರಿಗೆ ಇಂಗ್ಲಿಷ್ ಕವಿ ಲ್ಯಾಂಗ್‌ಲಂಡ್‌ನ ಕಾವ್ಯದ ಸೋಮಾರಿ ಪಾದ್ರಿಗೆ ಪ್ರಾರ್ಥನೆಯೇ ಸರಿಯಾಗಿ ಬಾರದು, ರಾಬಿನ್ ಹುಡ್‌ನ ಹಾಡುಗಳು ಮಾತ್ರ ಬಾಯಿಗೆ ಬರುತ್ತವೆ.

ಮುಂದಿನ ಮಕ್ಕಳ ಪುಟದಲ್ಲಿ ತಿದ್ದುಪಡಿ ಇರುತ್ತದೆ. ಬಿಲ್ಲಿನಿಂದ ಬಟ್ಟೆ ಅಳೆಯುವ ಜಾನ್‌ನನ್ನು ಬಿಡಿಸಿಕೊಡಿ ಎಂದು ನಮ್ಮ ಚಿತ್ರಕಾರರಿಗೂ ಹೇಳಿದ್ದೇನೆ.

— ಸಂಪಾದಕ