ಅಪ್ಪ ಕೊಟ್ಟ ಫೋನು, ಅಮ್ಮ ಹಾಕಿದ ನಿಯಮ

(ಗುರುತು ಸಿಗದಂತೆ ಹೆಸರು, ಉದ್ಯೋಗ, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಹುಡುಗನಿಗೆ 14 ವರ್ಷ. ಸುಜಿತ್ ಎಂದು ಕರೆಯೋಣ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ–ಬದಿಯಡ್ಕ ಆಸುಪಾಸಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೇ ತರಗತಿ. ತಂದೆ ಶಾರ್ಜಾದಲ್ಲಿ ಎ.ಸಿ. ಮೆಕ್ಯಾನಿಕ್, ವರ್ಷಕ್ಕೊಮ್ಮೆ ಒಂದು ತಿಂಗಳು ರಜೆ. ಮನೆಯಲ್ಲಿ ತಾಯಿ, ಅಜ್ಜಿ, ನಾಲ್ಕನೇ ತರಗತಿಯ ತಂಗಿ. ರಾತ್ರಿ ಫೋನ್ ಕಿತ್ತುಕೊಂಡದ್ದಕ್ಕೆ ಮಗ ಶಾಲೆಗೇ ಹೋಗುವುದಿಲ್ಲ ಎಂದು ಕೂತ. ಎಂಟು ದಿನ ಕಾದ ಮೇಲೆ ತಾಯಿ ನಮ್ಮಲ್ಲಿಗೆ ಆಪ್ತಸಲಹೆಗೆ ಬಂದರು.

ಏಳನೇ ತರಗತಿಯಲ್ಲಿ ಟ್ಯಾಬ್, ಎಂಟರಲ್ಲಿ ₹18,000ದ ಗೇರ್ ಸೈಕಲ್, ಈ ವರ್ಷ ₹65,000ದ ಫೋನ್. ಎಸ್ಸೆಸ್ಸೆಲ್ಸಿಯಲ್ಲಿ ಹತ್ತೂ ವಿಷಯಕ್ಕೆ ಎ ಪ್ಲಸ್ ಬಂದರೆ ಬೈಕ್ ಎಂಬ ಮಾತೂ ಆಗಿತ್ತು. ತಾಯಿಯ ಖಾತೆಯಿಂದ ಎರಡು ತಿಂಗಳಲ್ಲಿ ₹9,400 ಗೇಮಿಗೆ ಹೋಗಿತ್ತು, ನೂರು–ಇನ್ನೂರರ ಸಣ್ಣ ಸಣ್ಣ ಪಾವತಿಗಳಾಗಿ. "ಇಷ್ಟು ದುಬಾರಿ ವಸ್ತು ಕೊಟ್ಟೇ ಇವ ಹಾಳಾದದ್ದಾ ಮೇಡಂ?" ಎಂಬುದು ತಾಯಿಯ ಪ್ರಶ್ನೆ. ಅಜ್ಜಿಯದ್ದು ಬೇರೆ: "ದುಡಿಯುವುದು ಮತ್ತೆ ಯಾರಿಗೆ? ಮಕ್ಕಳಿಗೇ ಅಲ್ಲವಾ?"

ಬೆಲೆಯ ಚರ್ಚೆಗೆ ಮೊದಲು ಬೇರೆ ಕಾರಣಗಳಿವೆಯೇ ಎಂದು ನೋಡಬೇಕು. ನಿದ್ದೆ, ಊಟ, ಖಿನ್ನತೆಯ ಲಕ್ಷಣ, ಕಲಿಕೆಯ ತೊಂದರೆ, ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರೆಯೇ ಎಂಬುದನ್ನೆಲ್ಲ ವಿಚಾರಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಹೇಳುವ ಗೇಮಿಂಗ್ ಕಾಯಿಲೆ ಎನ್ನಲು ಹಿಡಿತ ತಪ್ಪಿರಬೇಕು, ಉಳಿದೆಲ್ಲದಕ್ಕಿಂತ ಆಟವೇ ಮುಖ್ಯವಾಗಿರಬೇಕು, ತೊಂದರೆಯಾದರೂ ಬಿಡಲಾಗದಿರಬೇಕು. ಇದು ಸಾಮಾನ್ಯವಾಗಿ 12 ತಿಂಗಳು ಕಂಡಿರಬೇಕು. ಸುಜಿತ್ ಪ್ರತಿ ಭಾನುವಾರ ಚೆಂಡೆ ಕ್ಲಾಸಿಗೆ ಹೋಗುತ್ತಾನೆ. ಎರಡು ಗಂಟೆ ಫೋನ್ ಚೀಲದಲ್ಲೇ ಇರುತ್ತದೆ, ಯಾರೂ ಹೇಳಬೇಕಾಗಿಲ್ಲ. ಕಾಯಿಲೆಯ ಹಣೆಪಟ್ಟಿ ಬೇಕಿರಲಿಲ್ಲ.

ಗಂಟು ಇದ್ದದ್ದು ರಾತ್ರಿ ಒಂಬತ್ತೂವರೆಯಲ್ಲಿ. ಶಾರ್ಜಾದಲ್ಲಿ ಆಗ ಎಂಟು ಗಂಟೆ, ತಂದೆ ಕೆಲಸ ಮುಗಿಸಿ ಕರೆ ಮಾಡುವ ಹೊತ್ತು. ತಾಯಿ ಒಂಬತ್ತಕ್ಕೆ ಫೋನ್ ತೆಗೆದಿಟ್ಟಿರುತ್ತಾರೆ. ಮಗ ಅಪ್ಪನಲ್ಲಿ ದೂರುತ್ತಾನೆ. ಅಲ್ಲಿಂದ "ಒಂದು ದಿನ ಅಲ್ಲವಾ, ಕೊಟ್ಟುಬಿಡು ಮಾರಾಯ್ತಿ" ಎಂದು ಬರುತ್ತದೆ. ಕೆಲವು ದಿನ ತಾಯಿ ಬಿಡುವುದಿಲ್ಲ, ಕೆಲವು ದಿನ ಸೋಲುತ್ತಾರೆ. ಪ್ರತಿ ಸಲವೂ ಸಿಗುವುದಕ್ಕಿಂತ ಹೀಗೆ ಆಗೊಮ್ಮೆ ಈಗೊಮ್ಮೆ ಸಿಗುವುದು ಹಟವನ್ನು ಹೆಚ್ಚು ಗಟ್ಟಿ ಮಾಡುತ್ತದೆ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪ್ರಯೋಗಶಾಲೆಯಲ್ಲಿ ತೋರಿಸಿದ ಸಂಗತಿ ಇದು. ಹುಡುಗ ತಾಯಿಗೆ ಹೇಳುತ್ತಿದ್ದ ಮಾತಿನಲ್ಲೇ ಎಲ್ಲ ಇತ್ತು: "ನೀನು ಕೊಟ್ಟದ್ದಲ್ಲ, ಅಪ್ಪ ಕೊಟ್ಟದ್ದು." ಉಡುಗೊರೆ ಬಂತು, ಬಳಸುವ ಕಟ್ಟಳೆ ಅದರ ಜೊತೆ ಬರಲಿಲ್ಲ. ₹6,000ದ ಫೋನಾಗಿದ್ದರೂ ಈ ಮನೆಯಲ್ಲಿ ಇದೇ ಜಗಳ ಆಗುತ್ತಿತ್ತು.

ಹಾಗೆಂದು ಬೆಲೆಗೆ ಲೆಕ್ಕವೇ ಇಲ್ಲ ಎಂದಲ್ಲ. ರಿಚಿನ್ಸ್ ಮತ್ತು ಚಾಪ್ಲಿನ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರೀತಿ ತೋರಿಸಲು, ಬಹುಮಾನಕ್ಕೆ, ಶಿಕ್ಷೆಗೆ ಎಲ್ಲದಕ್ಕೂ ವಸ್ತುವನ್ನೇ ಬಳಸಿದ ಮನೆಯ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಯೋಗ್ಯತೆಯನ್ನು ವಸ್ತುಗಳಲ್ಲೇ ಅಳೆಯುವುದು ಹೆಚ್ಚು. ಇದನ್ನು ವಿಡಿಯೋ ಕರೆಯಲ್ಲಿ ವಿವರಿಸಿದಾಗ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಇಲ್ಲಿ ಕೂತು ನಾನು ಇನ್ನೇನು ಕೊಡಲಿ?" ಗಲ್ಫ್ ಮನೆಗಳ ನಿಜವಾದ ಪ್ರಶ್ನೆ ಅದೇ. ತಂದೆಯನ್ನು ಬೈದು ಕಳಿಸುವ ಸಲಹೆಯಿಂದ ಏನೂ ಆಗುವುದಿಲ್ಲ.

ಫೋನ್ ಮಾರುವುದು ಬೇಡ, ಬೀಗ ಹಾಕಿಡುವುದೂ ಬೇಡ ಎಂದೆವು. ಕೊಟ್ಟದ್ದನ್ನು ಕಿತ್ತುಕೊಂಡರೆ ಮಗ ಅಡಗಿಸಿ ಬಳಸುವುದನ್ನು ಕಲಿಯುತ್ತಾನೆ. ನಿಯಮ ಹೇಳಬೇಕಾದವರು ಕೊಟ್ಟವರೇ. ಎಲ್ಲರೂ ಕೂತಿರುವ ಒಂದು ಕರೆಯಲ್ಲಿ, ಐದು ನಿಮಿಷ ಮೀರದಂತೆ ತಂದೆ ಹೇಳಬೇಕಾದದ್ದನ್ನು ಬರೆದೇ ಕೊಟ್ಟೆವು: "ಫೋನ್ ನಿನ್ನದೇ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಚಾವಡಿಯಲ್ಲಿ ಚಾರ್ಜಿಗೆ ಇರುತ್ತದೆ. ಅಮ್ಮನ ಫೋನೂ ಅಲ್ಲೇ. ಈ ವಿಷಯ ನನ್ನ ಹತ್ತಿರ ಕೇಳಬೇಡ, ಅಮ್ಮ ಹೇಳಿದ್ದೇ ನನ್ನ ಮಾತು." ದಿನದ ಕರೆ ಭಾರತದ ಸಮಯ ರಾತ್ರಿ ಎಂಟಕ್ಕೆ ಬಂತು, ಅದೂ ತಾಯಿಯ ಫೋನಿಗೆ. ಶಾರ್ಜಾದಲ್ಲಿ ಆರೂವರೆ, ಬಸ್ಸಿನಲ್ಲಿರುವಾಗ ಮಾತಾಡಿದರೂ ಸಾಕು.

ಹಣದ ವಿಷಯದಲ್ಲಿ ಅದೇ ದಿನ ಯುಪಿಐ ಪಿನ್ ಬದಲಿಸಿ, ಆಟೋಪೇ (ಖಾತೆಯಿಂದ ತಾನಾಗಿ ಹೋಗುವ ಪಾವತಿಗಳ) ಪಟ್ಟಿ ತೆರೆದು ಬೇಡದ್ದನ್ನು ರದ್ದು ಮಾಡಿ, ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಟ್ಟರು. ಹೊಸ ಪಿನ್ ಮಗನ ಎದುರು ಒತ್ತಬಾರದು. ಹಳೆಯದು ಅವನಿಗೆ ಗೊತ್ತಾದದ್ದು ಹಾಗೆಯೇ. ₹9,400 ಪೂರ್ತಿ ವಸೂಲಿ ಮಾಡಹೊರಟರೆ ವರ್ಷಗಟ್ಟಲೆ ಎಳೆಯುತ್ತದೆ, ಅರ್ಥ ಕಳೆದುಕೊಳ್ಳುತ್ತದೆ. ವಾರದ ಕೈಖರ್ಚು ₹150ರಲ್ಲಿ ₹50ರಂತೆ 20 ವಾರ, ಒಟ್ಟು ₹1,000 ಎಂದು ನಿಗದಿಯಾಯಿತು.

ಹೆಚ್ಚಿನ ಮನೆಗಳಲ್ಲಿ ಯೋಜನೆ ಮುರಿಯುವುದು ಮೊದಲ ಹತ್ತು ದಿನಗಳಲ್ಲಿ. ಸಿಗುತ್ತಿದ್ದುದು ನಿಂತಾಗ ಹಟ ಇಳಿಯುವ ಮೊದಲು ಏರುತ್ತದೆ. ನಾಲ್ಕನೇ ದಿನ ಸುಜಿತ್ ಊಟ ಬಿಟ್ಟ. ಅಜ್ಜಿ ಕಣ್ಣೊರೆಸುತ್ತಾ ಫೋನ್ ಕೊಡಲು ಎದ್ದರಂತೆ. ಆರನೇ ದಿನ ಸೋತರೆ, ಆರು ದಿನ ಹಟ ಮಾಡಿದರೆ ಸಿಗುತ್ತದೆ ಎಂಬ ಪಾಠವಾಗುತ್ತದೆ. ಮುಂದಿನ ಸಲ ಅವನು ಏಳು ದಿನಕ್ಕೆ ತಯಾರಾಗಿ ಬರುತ್ತಾನೆ. ಅಜ್ಜಿಯನ್ನು ಹೊರಗಿಡುವ ಬದಲು ಅವರಿಗೆ ಕೆಲಸ ಕೊಟ್ಟೆವು: ಊಟ ಮುಚ್ಚಿಡುವುದು, ಹತ್ತಿರ ಕೂರುವುದು, ಫೋನಿನ ಮಾತೆತ್ತದಿರುವುದು. ಉಪದೇಶ ಯಾರೂ ಮಾಡಬಾರದು. ಸಾಯುತ್ತೇನೆ ಎಂಬ ಮಾತು ಬಂದರೆ ಮಾತ್ರ ಅದನ್ನು ಹಟ ಎಂದು ತಳ್ಳಿಹಾಕದೆ ಅಂದೇ ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಸಿಗುತ್ತದೆ.

ಬೈಕಿನ ಮಾತನ್ನು ತಂದೆಯೇ ಹಿಂದಕ್ಕೆ ಪಡೆಯಬೇಕಿತ್ತು, ಕಾರಣ ಹೇಳಿ. ಗೇರ್ ಬೈಕಿನ ಲೈಸೆನ್ಸಿಗೆ 18 ಆಗಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, ₹25,000 ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಅಂಕಕ್ಕೆ ಬಹುಮಾನ ಕಟ್ಟುವುದರಲ್ಲಿ ಇನ್ನೊಂದು ತೊಡಕು ಉಂಟು. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಆಸೆ ತೋರಿಸಿದರು. ಕೆಲವು ದಿನಗಳ ನಂತರ ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೊಟ್ಟ ಬಹುಮಾನದಿಂದ ಆ ಹಾನಿ ಆಗಲಿಲ್ಲ. ಆದ್ದರಿಂದ ಚೆಂಡೆಗೆ ಯಾವ ಬಹುಮಾನವನ್ನೂ ಕಟ್ಟಬೇಡಿ ಎಂದು ಒತ್ತಿ ಹೇಳಿದೆವು. ನಮ್ಮ ವಿಷು ಹಬ್ಬದಂದು ಹಿರಿಯರು ಮಕ್ಕಳ ಕೈಗೆ ಕೊಡುವ ಹಣ, ಕೈನೀಟ ನೋಡಿ: ದಿನ ಗೊತ್ತಿರುತ್ತದೆ, ಮೊತ್ತ ಸಣ್ಣದು, ಮನೆಯ ಮಕ್ಕಳಿಗೆಲ್ಲ ಸಿಗುತ್ತದೆ, ಅಂಕಪಟ್ಟಿ ಯಾರೂ ಕೇಳುವುದಿಲ್ಲ. ಅದರಿಂದ ಮಕ್ಕಳು ಕೆಟ್ಟರು ಎಂದು ಯಾರೂ ದೂರಿದ್ದಿಲ್ಲ.

"ಇನ್ನೇನು ಕೊಡಲಿ" ಎಂಬುದಕ್ಕೆ ಉತ್ತರ ಹಟ್ಟಿಯ ಪಕ್ಕದಲ್ಲಿತ್ತು. ಗೇರ್ ಸೈಕಲ್ ಒಂದು ಮಳೆಗಾಲ ನೆನೆದು, ಚೈನು ತುಕ್ಕು ಹಿಡಿದು ನಿಂತಿತ್ತು. ಭಾನುವಾರ ಅರ್ಧ ಗಂಟೆ ವಿಡಿಯೋ ಕರೆಯಲ್ಲಿ ತಂದೆ ಹೇಳಿಕೊಡುವುದು, ಮಗ ಕೈ ಮಸಿ ಮಾಡಿಕೊಳ್ಳುವುದು: ಹಳೆಯ ಹಲ್ಲುಜ್ಜುವ ಬ್ರಷ್ಷಿಂದ ಚೈನು ಉಜ್ಜಿ, ಒಣಗಿಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಮಿಕ್ಕಿದ್ದನ್ನು ಒರೆಸುವುದು. ನಂತರದ ವಾರ ಬ್ರೇಕ್, ಆಮೇಲೆ ಗೇರ್ ಕೇಬಲ್. ಮೆಕ್ಯಾನಿಕ್ ಆದವರಿಗೆ ಇದಕ್ಕಿಂತ ಸುಲಭದ ಮಾತುಕತೆ ಇಲ್ಲ.

ತಂಗಿಯ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ. ಅವಳಿಗೆ ಬಂದದ್ದು ಚಿನ್ನದ ಕಿವಿಯೋಲೆ, ಇರುವುದು ಬ್ಯಾಂಕ್ ಲಾಕರಿನಲ್ಲಿ. ಅಣ್ಣನ ಫೋನಿಗಿಂತ ಬೆಲೆ ಹೆಚ್ಚೇ ಇರಬಹುದು, ಆದರೆ ಕೈಗೆ ಸಿಕ್ಕಿದ್ದೇನೂ ಇಲ್ಲ. ಅವಳ ಮುಂದಿನ ಉಡುಗೊರೆ ಅವಳು ದಿನವೂ ಬಳಸುವಂಥದ್ದಾಗಿರಲಿ ಎಂದೆವು.

ಹತ್ತು ವಾರಗಳ ನಂತರ ಶಾಲೆ ತಪ್ಪುತ್ತಿಲ್ಲ. ರಾತ್ರಿಯ ಚಾರ್ಜಿಂಗ್ ನಡೆಯುತ್ತಿದೆ. ಓಣಂ ರಜೆಗೆ ನೆಂಟರ ಮಕ್ಕಳು ಬಂದಾಗ ಮೂರು ದಿನ ಎಲ್ಲ ಕೆಟ್ಟಿತು, ನಾಲ್ಕನೇ ದಿನ ಅದೇ ನಿಯಮಕ್ಕೆ ಮರಳಿದರು. ಶನಿವಾರದ ಜಗಳ ಇನ್ನೂ ಉಂಟು.

ತಂದೆ ಏಪ್ರಿಲಿನಲ್ಲಿ ಬರುತ್ತಾರೆ. ಪೆಟ್ಟಿಗೆಯನ್ನು ಬಂದ ರಾತ್ರಿಯೇ ನೆಂಟರ ನಡುವೆ ಬಿಚ್ಚುವುದು ಬೇಡ, ಎರಡು ದಿನ ಬಿಟ್ಟು ಮನೆಯವರಷ್ಟೇ ಇರುವಾಗ ಬಿಚ್ಚಲಿ. ₹5,000 ಮೀರಿದ ವಸ್ತುವನ್ನು ಕೊಳ್ಳುವ ಮೊದಲೇ ಹೆಂಡತಿಗೆ ತಿಳಿಸಿ, ರೀಚಾರ್ಜ್–ರಿಪೇರಿ ಯಾರ ಖರ್ಚು ಎಂದು ತೀರ್ಮಾನಿಸಲಿ ಎಂದು ಹೇಳಿದ್ದೇವೆ. ಮೊದಲನೆಯದಕ್ಕೆ ಅಜ್ಜಿಯ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.